ನಾರಿಮನ್ ಹೌಸಿನ ಐದು ವರ್ಷಗಳು

ಕೊಲಾಬಾದ ಹಾರ್ಮಸ್‌ಜಿ ಬೀದಿಯ ಆ ಐದು ಮಹಡಿಯ ಕಟ್ಟಡವನ್ನು ನಮ್ಮಲ್ಲಿ ಹೆಚ್ಚಿನವರು ಒಂದೇ ಒಂದು ದೃಶ್ಯದಿಂದ ಬಲ್ಲೆವು. ಮುಂಬೈ ಮೇಲೆ ಭಯೋತ್ಪಾದಕರ ದಾಳಿ ನಡೆದಿದ್ದ ಆ ವಾರ, 2008ರ ನವೆಂಬರ್ 28, ಶುಕ್ರವಾರ ಬೆಳಿಗ್ಗೆ ತಾರಸಿಯ ಮೇಲೆ ಹೆಲಿಕಾಪ್ಟರ್ ಸುಳಿಯುತ್ತಿದೆ, ಕಮಾಂಡೊಗಳು ಹಗ್ಗ ಹಿಡಿದು ಇಳಿಯುತ್ತಿದ್ದಾರೆ, ಸುತ್ತಲಿನ ಕಟ್ಟಡಗಳ ಕಿಟಕಿಗಳಿಂದ ಜನ ಇಣುಕುತ್ತಿದ್ದಾರೆ. ನಾನು ಆಗ ಮುಂಬೈಯ ಫೋರ್ಟ್ ಪ್ರದೇಶದ ಒಂದು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದೆ. ಆ ಮೂರು ದಿನ ಹೊರಗೆ ಕಾಲಿಡಲಾಗದೆ ಡೊಂಬಿವಲಿಯ ಮನೆಯಲ್ಲಿ ಟಿ.ವಿ.ಯ ಮುಂದೆಯೇ ಕುಳಿತಿದ್ದೆ. ರಬ್ಬಿ, ಅಂದರೆ ಯಹೂದಿ ಧರ್ಮಗುರು, ಗವ್ರಿಯೆಲ್ ಹೋಲ್ಟ್ಸ್‌ಬರ್ಗ್ ಮತ್ತು ಅವರ ಪತ್ನಿ ರಿವ್ಕಾ ಎಂಬ ಹೆಸರುಗಳನ್ನು ನಾನು ಮೊದಲು ಕೇಳಿದ್ದು ಆಗಲೇ, ಅವರು ಒತ್ತೆಯಾಳುಗಳಾದ ಮೇಲೆ. ನನ್ನ ಕಚೇರಿಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಅವರು ಐದು ವರ್ಷ ಬಾಳಿದ್ದರು ಎಂಬುದು ಆ ದಿನದವರೆಗೆ ನನಗೆ ಗೊತ್ತೇ ಇರಲಿಲ್ಲ.

ಪ್ರತಿ ವರ್ಷ ನವೆಂಬರ್ ಬಂದಾಗ ಆ ದಂಪತಿಯ ಚಿತ್ರ ನಮ್ಮ ಗೋಡೆಗಳ ಮೇಲೆ ಬರುತ್ತದೆ, ಒಂದಿಷ್ಟು ಶ್ರದ್ಧಾಂಜಲಿಯ ಮಾತುಗಳು ಬರುತ್ತವೆ, ಮತ್ತೆ ಮರೆವು. ಅವರನ್ನು ನಾವು ಸತ್ತ ರೀತಿಯಿಂದ ಮಾತ್ರ ನೆನೆಯುತ್ತಿದ್ದೇವೆ, ಬದುಕಿದ ರೀತಿಯಿಂದ ನೆನೆಯುತ್ತಿಲ್ಲ ಎಂಬ ಸಂಕಟ ನನ್ನಲ್ಲಿ ಬಹಳ ವರ್ಷಗಳಿಂದ ಇದೆ. ಇಪ್ಪತ್ತೊಂಬತ್ತು ವರ್ಷದ ಒಬ್ಬ ಹಸೀದಿ ರಬ್ಬಿ ತನ್ನವರಿಂದ ಸಾವಿರಾರು ಮೈಲಿ ದೂರದ ಊರಿನಲ್ಲಿ ದಿನವಿಡೀ ಏನು ಮಾಡುತ್ತಿದ್ದರು, ಅದನ್ನು ಯಾಕೆ ಮಾಡುತ್ತಿದ್ದರು ಎಂದು ತಿಳಿದುಕೊಂಡರೆ, ಆ ಮನೆಯ ಮೇಲೆಯೇ ಗುರಿಯಿಟ್ಟವರು ಯಾವುದನ್ನು ಹೊಡೆದರು ಎಂಬುದೂ ಅರ್ಥವಾಗುತ್ತದೆ.

ಹಸೀದಿ ಎಂದರೆ ಯಹೂದಿ ಧರ್ಮದೊಳಗೆ ಹದಿನೆಂಟನೆಯ ಶತಮಾನದಲ್ಲಿ ಪೂರ್ವ ಯುರೋಪಿನಲ್ಲಿ ಹುಟ್ಟಿದ ಒಂದು ಭಕ್ತಿಪಂಥ. ಓದು ಬಲ್ಲ ಪಂಡಿತನಿಗೆ ದೇವರು ಎಷ್ಟು ಹತ್ತಿರವೋ ಅಕ್ಷರ ಬಾರದ ಗಾಡಿಹೊಡೆಯುವವನಿಗೂ ಅಷ್ಟೇ ಹತ್ತಿರ, ಹಾಡು ಮತ್ತು ಸಂತೋಷ ಕೂಡ ಆರಾಧನೆಯೇ ಎಂದು ಸಾರಿದ ಪಂಥ ಅದು. ವಚನ ಮತ್ತು ದಾಸರ ಪದಗಳ ನಾಡಿನವರಾದ ನಮಗೆ ಅದರ ಒಳದನಿ ಅಪರಿಚಿತವೇನಲ್ಲ. ಅದರೊಳಗೆ ಹಲವು ಶಾಖೆಗಳಿವೆ, ಹೆಚ್ಚುಕಡಿಮೆ ಪ್ರತಿ ಶಾಖೆಗೂ 'ರೆಬ್ಬೆ' ಎಂದು ಕರೆಸಿಕೊಳ್ಳುವ ಗುರುವಿದ್ದಾರೆ. ಶ್ನೆಯೂರ್ ಝಲ್ಮನ್ ಎಂಬವರು ಸ್ಥಾಪಿಸಿದ ಶಾಖೆಗೆ ಚಬಾದ್ ಎಂದು ಹೆಸರು. ಜ್ಞಾನ, ವಿವೇಚನೆ, ಅರಿವು ಎಂಬ ಅರ್ಥದ ಮೂರು ಹೀಬ್ರೂ ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ತ್ಸಾರ್ ದೊರೆಯ ಸರ್ಕಾರ 1798ರಲ್ಲಿ ಈ ಸ್ಥಾಪಕರನ್ನು ಸೆರೆಗೆ ಹಾಕಿತ್ತು. 1927ರಲ್ಲಿ ಆರನೆಯ ರೆಬ್ಬೆಯನ್ನು ಸೋವಿಯತ್ ಸರ್ಕಾರ ಬಂಧಿಸಿತು. ನಾಝಿಗಳ ಕೈಗೆ ಸಿಕ್ಕಿದ್ದ ಪೋಲೆಂಡಿನಿಂದ ತಪ್ಪಿಸಿಕೊಂಡು ಅವರು 1940ರಲ್ಲಿ ನ್ಯೂಯಾರ್ಕಿಗೆ ಬಂದು ಇಳಿದರು.

ಯುರೋಪಿನ ಯಹೂದಿ ಊರುಗಳೆಲ್ಲ ಬೂದಿಯಾದ ಮೇಲೆ ಉಳಿದುಕೊಂಡ ಹಸೀದಿ ಗುಂಪುಗಳಲ್ಲಿ ಹೆಚ್ಚಿನವು ತಮ್ಮ ಸುತ್ತ ಗೋಡೆ ಎತ್ತಿಕೊಂಡು, ಹೊರಜಗತ್ತಿನ ಗಾಳಿ ಸೋಕದ ಹಾಗೆ ಮಕ್ಕಳನ್ನು ಬೆಳೆಸಲು ನಿರ್ಧರಿಸಿದವು. ಅಷ್ಟೊಂದು ಕಳೆದುಕೊಂಡವರು ಹಾಗೆ ಮಾಡಿದ್ದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ 1951ರಲ್ಲಿ ಏಳನೆಯ ರೆಬ್ಬೆಯಾದ ಮೆನಾಖೆಮ್ ಮೆಂಡೆಲ್ ಶ್ನೇಯರ್ಸನ್ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದರು. ಯಹೂದಿ ಎಲ್ಲಿದ್ದಾನೋ ಅಲ್ಲಿಗೆ ನಾವೇ ಹೋಗಬೇಕು, ಅವನು ನಮ್ಮ ಬಳಿಗೆ ಬರಲಿ ಎಂದು ಕಾಯುತ್ತ ಕೂರಬಾರದು ಎಂಬುದು ಅವರ ನಿಲುವು. ಹೊಸದಾಗಿ ಮದುವೆಯಾದ ತರುಣ ದಂಪತಿಗಳನ್ನು ಅವರು ಮೊರಾಕೊ, ಇಟಲಿ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ ಎಂದು ದಿಕ್ಕುದಿಕ್ಕಿಗೆ ಕಳುಹಿಸಿದರು. ಹಾಗೆ ಹೋದವರನ್ನು 'ಶಲಿಯಾಖ್' ಎನ್ನುತ್ತಾರೆ, ಅಂದರೆ ಕಳುಹಿಸಲ್ಪಟ್ಟವನು. ರೆಬ್ಬೆ 1994ರಲ್ಲಿ ತೀರಿಕೊಂಡರು, ಅವರ ಪೀಠಕ್ಕೆ ಇಂದಿಗೂ ಯಾರೂ ಬಂದಿಲ್ಲ. ಆದರೂ ಹೋಗುವವರ ಸಂಖ್ಯೆ ನಿಲ್ಲಲಿಲ್ಲ, ಇನ್ನೂ ಹೆಚ್ಚಿತು. ಇವತ್ತು ನೂರಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ಸಾವಿರಾರು ಕುಟುಂಬಗಳಿವೆ.

ಇದರ ಏರ್ಪಾಡು ಗಮನಿಸಬೇಕಾದದ್ದು. ಸರ್ಕಾರಿ ನೌಕರನಿಗೆ ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಹಾಗೆ ಇವರಿಗೆ ವರ್ಗವಿಲ್ಲ, ನಿವೃತ್ತಿಯೂ ಇಲ್ಲ. ಹೋದ ಊರೇ ಊರು, ಅಲ್ಲಿಯೇ ಮಕ್ಕಳು ಹುಟ್ಟಬೇಕು, ಅಲ್ಲಿಯೇ ಮುದುಕರಾಗಬೇಕು. ಕೇಂದ್ರದಿಂದ ಸಂಬಳ ಬರುವುದಿಲ್ಲ, ಆರಂಭಕ್ಕೆ ಒಂದಿಷ್ಟು ನೆರವು ಸಿಕ್ಕರೂ ಮುಂದಿನದನ್ನು ಅವರೇ ದಾನಿಗಳ ಮನೆ ಬಾಗಿಲು ತಟ್ಟಿ ಹೊಂದಿಸಿಕೊಳ್ಳಬೇಕು. ಹೆಂಡತಿ ಗಂಡನ ಬೆನ್ನ ಹಿಂದೆ ಬಂದವಳಲ್ಲ; ಅವಳೂ ಶಲಿಯಾಖ್‌ಳೇ, ಅವಳಿಗೂ ಪಾಠ, ಅತಿಥಿಗಳು, ಲೆಕ್ಕಪತ್ರ ಎಲ್ಲದರಲ್ಲೂ ಸಮಪಾಲು. ನಮ್ಮಲ್ಲಿ ಹಲವರು ಇವರನ್ನು ಮತಪ್ರಚಾರಕರೆಂದು ತಿಳಿದಿದ್ದಾರೆ, ಅದು ಸರಿಯಲ್ಲ. ಬೇರೆ ಧರ್ಮದವರನ್ನು ಸೇರಿಸಿಕೊಳ್ಳುವ ಹಂಬಲ ಯಹೂದಿ ಧರ್ಮಕ್ಕಿಲ್ಲ, ಚಬಾದ್‌ಗೂ ಇಲ್ಲ. ಹುಟ್ಟಿನಿಂದ ಯಹೂದಿಗಳಾದವರು ತಮ್ಮ ಆಚರಣೆಯಿಂದ ದೂರ ಸರಿದಿದ್ದರೆ ಅವರನ್ನು ಕರೆದು ಒಂದು ಹೊತ್ತಿನ ಊಟ ಹಾಕಿ, ಒಂದು ಪ್ರಾರ್ಥನೆ ಹೇಳಿಸುವುದು ಅವರ ಕೆಲಸ. ಇಸ್ರೇಲ್ ಸರ್ಕಾರಕ್ಕೂ ಇವರಿಗೂ ಅಧಿಕೃತ ನಂಟಿಲ್ಲ. ಈ ಎರಡನ್ನೂ ಬೆರೆಸಿ ನೋಡುವ ಅಭ್ಯಾಸ ಎಷ್ಟು ಅಪಾಯಕಾರಿ ಎಂಬುದಕ್ಕೆ ನಾರಿಮನ್ ಹೌಸೇ ಸಾಕ್ಷಿ.

ಗವ್ರಿಯೆಲ್ ಹುಟ್ಟಿದ್ದು ಇಸ್ರೇಲಿನ ಕಿರ್ಯಾತ್ ಮಲಾಖಿಯಲ್ಲಿ, 1979ರಲ್ಲಿ. ಬೆಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ ಥಾಯ್ಲೆಂಡ್, ಚೀನಾಗಳಲ್ಲಿ ಸೇವೆ ಮಾಡಿ ಬಂದಿದ್ದರು. ರಿವ್ಕಾ ಉತ್ತರ ಇಸ್ರೇಲಿನ ಅಫೂಲಾ ಊರಿನವರು. ಮದುವೆಯಾದ ಸ್ವಲ್ಪ ಕಾಲಕ್ಕೇ, 2003ರಲ್ಲಿ, ಇಬ್ಬರೂ ಮುಂಬೈಗೆ ಬಂದರು.

ಆ ಊರಿನಲ್ಲಿ ಕಟ್ಟುನಿಟ್ಟಿನ ಯಹೂದಿಯೊಬ್ಬ ಊಟ ಮಾಡುವುದೇ ಒಂದು ಸಾಹಸ. ಹೊರಗಿನ ಹೋಟೆಲಿನ ಅಡುಗೆ ಸಲ್ಲದು, ಸಸ್ಯಾಹಾರವಾದರೂ ಸಲ್ಲದು, ಏಕೆಂದರೆ ಆ ಪಾತ್ರೆಯಲ್ಲಿ ಹಿಂದೆ ಏನು ಬೇಯಿಸಿದ್ದರೋ ಗೊತ್ತಿಲ್ಲ. ಕೋಳಿ ತಿನ್ನಬೇಕೆಂದರೆ ಅದಕ್ಕೆಂದೇ ತರಬೇತಿ ಪಡೆದವರು ವಿಧಿಯಂತೆ ಕೊಯ್ದಿರಬೇಕು. ಗವ್ರಿಯೆಲ್ ಆ ವಿದ್ಯೆ ಕಲಿತವರು. ಆ ಕತ್ತಿಯ ಅಲಗಿನಲ್ಲಿ ಕೂದಲೆಳೆಯಷ್ಟೂ ಮುಕ್ಕು ಇರಕೂಡದು. ಅದನ್ನು ಕಣ್ಣಿನಿಂದ ನೋಡಿ ತಿಳಿಯಲಾಗದ್ದರಿಂದ, ಅಲಗನ್ನು ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಉದ್ದಕ್ಕೂ ಎಳೆದು, ಎಲ್ಲಾದರೂ ತಡೆಯುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ತಡೆದರೆ ಮತ್ತೆ ಸಾಣೆ ಹಿಡಿಯಬೇಕು. ಕೊಯ್ದ ಮೇಲೆ ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒಂದು ಗಂಟೆ ಉಪ್ಪು ಸವರಿಟ್ಟು, ರಕ್ತವೆಲ್ಲ ಬಸಿದ ಮೇಲೆ ತೊಳೆದು ಅಡುಗೆಮನೆಗೆ ಒಯ್ಯಬೇಕು. ಒಂದು ಮನೆಗೆ ಇಷ್ಟು ಮಾಡುವುದೇ ಕಷ್ಟವಿರುವಾಗ, ವಾರವಾರವೂ ಬಂದ ಅತಿಥಿಗಳಿಗೆಲ್ಲ ಇದೇ ಕ್ರಮದಲ್ಲಿ ಉಣಬಡಿಸುತ್ತಿದ್ದರೆಂದರೆ ಆ ಮನೆಯ ಬುಧವಾರ, ಗುರುವಾರಗಳು ಹೇಗಿದ್ದಿರಬಹುದೆಂದು ಊಹಿಸಿಕೊಳ್ಳಿ.

ಬರುತ್ತಿದ್ದ ಅತಿಥಿಗಳಾದರೂ ಎಷ್ಟು ಬಗೆ! ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಬೆನ್ನಿಗೆ ಚೀಲ ಹಾಕಿಕೊಂಡು ಹೊರಟ ಇಸ್ರೇಲಿ ಹುಡುಗ ಹುಡುಗಿಯರು ಒಂದು ಕಡೆ. ಇವರನ್ನು ಕನ್ನಡಿಗರು ಚೆನ್ನಾಗಿ ಬಲ್ಲರು. ಗೋಕರ್ಣದ ಕುಡ್ಲೆ ಕಡಲತೀರದಲ್ಲಿ, ಹಂಪಿಯ ಹೊಳೆಯಾಚೆ ವಿರೂಪಾಪುರ ಗಡ್ಡೆಯಲ್ಲಿ ಹೀಬ್ರೂ ಲಿಪಿಯ ಫಲಕಗಳನ್ನು ನಾವೆಲ್ಲ ನೋಡಿದ್ದೇವೆ. ಮತ್ತೊಂದು ಕಡೆ ವಜ್ರದ ವ್ಯಾಪಾರಕ್ಕೆ ಬಂದವರು, ಆಹಾರ ಕಾರ್ಖಾನೆಗಳ ತಪಾಸಣೆಗೆಂದು ಬಂದ ರಬ್ಬಿಗಳು. ಮಾದಕವಸ್ತುವಿನ ಪ್ರಕರಣಗಳಲ್ಲಿ ಸಿಕ್ಕಿಬಿದ್ದು ಇಲ್ಲಿನ ಜೈಲು ಸೇರಿದ ಯಹೂದಿ ಕೈದಿಗಳನ್ನೂ ಗವ್ರಿಯೆಲ್ ಹೋಗಿ ಕಾಣುತ್ತಿದ್ದರು. ಸ್ಥಳೀಯರ ಮದುವೆ ಮಾಡಿಸುತ್ತಿದ್ದರು, ಪಾಠ ಹೇಳುತ್ತಿದ್ದರು. ಶುಕ್ರವಾರ ಸಂಜೆ ಕಾಲಾಘೋಡಾದ ಕ್ನೆಸೆತ್ ಎಲಿಯಾಹು ಪ್ರಾರ್ಥನಾಮಂದಿರದಲ್ಲಿ ಅವರೇ ಪ್ರಾರ್ಥನೆ ನಡೆಸುತ್ತಿದ್ದರು. 1884ರಲ್ಲಿ ಸಸೂನ್ ಮನೆತನದವರು ಕಟ್ಟಿಸಿದ, ಆಗ ತಿಳಿನೀಲಿ ಬಣ್ಣ ಬಳಿದಿದ್ದ ಆ ಕಟ್ಟಡದ ಮುಂದೆ ನಾನು ನೂರಾರು ಸಲ ನಡೆದುಹೋಗಿದ್ದೇನೆ.

ಇಂಥ ಮನೆಯೊಂದರ ಶುಕ್ರವಾರದ ಊಟ ಹೇಗಿರುತ್ತದೆಂದು ನಾನು ಕಣ್ಣಾರೆ ನೋಡಿದ್ದು ಎಷ್ಟೋ ವರ್ಷಗಳ ನಂತರ, ಆಗ್ನೇಯ ಏಷ್ಯಾದ ಒಂದು ನಗರದಲ್ಲಿ. ತರಬೇತಿಗೆಂದು ಹೋಗಿದ್ದಾಗ ಯಹೂದಿ ಸಹೋದ್ಯೋಗಿಯೊಬ್ಬರು ಅಲ್ಲಿನ ಚಬಾದ್ ಮನೆಗೆ ನನ್ನನ್ನೂ ಕರೆದೊಯ್ದರು. ಉದ್ದನೆಯ ಮೇಜಿಗೆ ಬಿಳಿ ಹಾಳೆ ಹಾಸಿತ್ತು, ಎರಡು ಹೆಣೆದ ಬ್ರೆಡ್ಡುಗಳ ಮೇಲೆ ಕಸೂತಿಯ ಬಟ್ಟೆ ಮುಚ್ಚಿತ್ತು. ದ್ರಾಕ್ಷಾರಸದ ಬಟ್ಟಲು ಹಿಡಿದು ರಬ್ಬಿ ಮಂತ್ರ ಹೇಳಿದ ಮೇಲೆ ಎಲ್ಲರೂ ಎದ್ದು ಹೋಗಿ, ಎರಡು ಹಿಡಿಗಳಿರುವ ಚೊಂಬಿನಿಂದ ಒಂದೊಂದು ಕೈಗೂ ನೀರು ಸುರಿದುಕೊಂಡು ಬಂದು ಕುಳಿತರು. ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ಕೈತೊಳೆದ ಮೇಲೆ ಬ್ರೆಡ್ಡಿನ ತುಂಡು ಬಾಯಿಗೆ ಬೀಳುವವರೆಗೆ ಮಾತಾಡಬಾರದೆಂಬುದು ನಿಯಮವಂತೆ. ಮೂವತ್ತು ಜನರಿದ್ದ ಕೋಣೆ, ಅರ್ಧ ಜನಕ್ಕೆ ಒಬ್ಬರನ್ನೊಬ್ಬರು ಗೊತ್ತಿಲ್ಲ, ಆದರೂ ಆ ಎರಡು ಮೂರು ನಿಮಿಷ ಎಲ್ಲರೂ ಒಟ್ಟಿಗೆ ಮೌನ. ರಬ್ಬಿಯ ಪುಟ್ಟ ಮಗ ಏನೋ ಕೇಳುತ್ತ ತಂದೆಯ ಅಂಗಿ ಜಗ್ಗಿದ; ಅವರು 'ಹ್ಞೂಂ, ಹ್ಞೂಂ' ಎಂದು ಗಂಟಲಲ್ಲೇ ಸದ್ದು ಮಾಡಿ, ಬೆರಳಿನಿಂದ ಬ್ರೆಡ್ಡು ತೋರಿಸಿ, ನಗುತ್ತ ಅದನ್ನು ಮುರಿದು ಉಪ್ಪಿಗೆ ಅದ್ದಿ ಮೊದಲು ತಾವು ತಿಂದು, ಆಮೇಲೆ ಒಬ್ಬೊಬ್ಬರಿಗೂ ಹಂಚಿದರು. ನಾನು ಸಸ್ಯಾಹಾರಿ ಎಂದಾಗ ಅವರ ಪತ್ನಿ ಒಂದು ಕ್ಷಣವೂ ಮುಜುಗರಪಡಲಿಲ್ಲ. ಹಾಲಿನದು, ಮಾಂಸದ್ದು, ಎರಡೂ ಅಲ್ಲದ್ದು ಎಂದು ತಮ್ಮಲ್ಲಿ ಮೂರು ವಿಭಾಗವಿದೆಯೆಂದೂ, ಹಾಲಿನ ಪಾತ್ರೆ ಮಾಂಸದ ಪಾತ್ರೆ ಎಂದಿಗೂ ಬೆರೆಯುವುದಿಲ್ಲವೆಂದೂ ವಿವರಿಸುತ್ತ ನನಗೆ ಮೂರನೆಯದರಿಂದ ಬಡಿಸಿದರು. ಮಡಿ, ಮುಸುರೆ ಎಂದು ಅಡುಗೆಮನೆಯಲ್ಲಿ ಗೆರೆ ಎಳೆದಿದ್ದ ನನ್ನ ಅಜ್ಜಿ ಅಲ್ಲಿದ್ದಿದ್ದರೆ ಆ ಹೆಂಗಸಿನೊಡನೆ ಭಾಷೆಯಿಲ್ಲದೆಯೂ ಒಂದು ಗಂಟೆ ಮಾತಾಡುತ್ತಿದ್ದರು. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಆ ರಾತ್ರಿ ಕಾಡಿತು: ಅಜ್ಜಿಯ ಮಡಿ ಹೊರಗಿನವರನ್ನು ಹೊಸ್ತಿಲಾಚೆ ನಿಲ್ಲಿಸುತ್ತಿತ್ತು, ಈ ಮನೆಯಲ್ಲಿ ನಿಯಮಗಳು ಅದಕ್ಕಿಂತ ಬಿಗಿಯಾಗಿದ್ದರೂ ಹೊರಗಿನವನಾದ ನನಗೆ ಮೇಜಿನ ನಡುವೆ ಜಾಗ ಸಿಕ್ಕಿತ್ತು.

ಮುಂಬೈಯ ಮಟ್ಟಿಗೆ ಇನ್ನೊಂದು ಮಾತನ್ನು ಹೇಳದೆ ಇರಲಾಗದು. ಬ್ರೂಕ್ಲಿನ್‌ನಿಂದ ರಬ್ಬಿ ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಕೊಂಕಣ ಕರಾವಳಿಯಲ್ಲಿ ಯಹೂದಿಗಳಿದ್ದರು. ಅಲಿಬಾಗ್ ಬಳಿಯ ನವಗಾಂವ್ ತೀರದಲ್ಲಿ ಹಡಗೊಡೆದು ಬದುಕುಳಿದವರ ಸಂತತಿ ತಾವೆಂದು ನಂಬುವ ಬೆನೆ ಇಸ್ರೇಲ್ ಸಮುದಾಯದವರು ಮರಾಠಿಯನ್ನೇ ಮಾತಾಡುತ್ತ, ಹಳ್ಳಿಗಳಲ್ಲಿ ಗಾಣ ಆಡಿಸಿ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಸುತ್ತಲಿನವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಮುಂಬೈಯ ಮೊದಲ ಯಹೂದಿ ಪ್ರಾರ್ಥನಾಮಂದಿರವನ್ನು 1796ರಲ್ಲಿ ಕಟ್ಟಿಸಿದ ಸಾಮ್ಯುಯೆಲ್ ದಿವೇಕರ್ ಈ ಸಮುದಾಯದವರೇ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಅವರು ಟಿಪ್ಪುವಿನ ಕೈಗೆ ಸೆರೆಸಿಕ್ಕು, ಬಿಡುಗಡೆಯಾಗಿ ಬಂದ ಮೇಲೆ ಹರಕೆಯಂತೆ ಅದನ್ನು ಕಟ್ಟಿಸಿದರೆಂದು ಆ ಸಮುದಾಯ ಇಂದಿಗೂ ಹೇಳುತ್ತದೆ. ಮೈಸೂರಿನ ಸೆರೆಮನೆಯ ನೆನಪು ಮುಂಬೈಯ ಒಂದು ದೇವಮಂದಿರದ ಬುನಾದಿಯಲ್ಲಿದೆ ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಇಷ್ಟು ಹಳೆಯ ಸಮುದಾಯದವರು ಇಸ್ರೇಲಿಗೆ ವಲಸೆ ಹೋದಾಗ, ಅಲ್ಲಿನ ಧರ್ಮಾಧಿಕಾರಿಗಳು ಇವರು ನಿಜವಾದ ಯಹೂದಿಗಳೇ ಎಂದು ಮದುವೆಯ ವಿಷಯದಲ್ಲಿ ಅನುಮಾನಿಸಿದ್ದರು. ಬೀದಿಗಿಳಿದು ಪ್ರತಿಭಟಿಸಿದ ಮೇಲೆ, 1964ರಲ್ಲಿ ಆ ವಿವಾದ ಬಗೆಹರಿಯಿತು.

ಹೀಗಿರುವಾಗ, ಹೊರಗಿನಿಂದ ಬಂದ ತರುಣ ರಬ್ಬಿಯೊಬ್ಬರು ಇಲ್ಲಿನವರಿಗೆ ಧರ್ಮ ಕಲಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಪೂರ್ವ ಯುರೋಪಿನ ಉಡುಗೆ, ಅಲ್ಲಿನ ಯಹೂದಿಗಳ ಯಿಡ್ಡಿಷ್ ಭಾಷೆಯ ಉಚ್ಚಾರ, ಬ್ರೂಕ್ಲಿನ್‌ನ ಕಟ್ಟುಪಾಡುಗಳು ಬಂದು ಕೂತಾಗ, ಮರಾಠಿ ಕೀರ್ತನೆ ಹಾಡುವ, ಪ್ರವಾದಿ ಎಲಿಯಾಹುವಿಗೆ ಅವಲಕ್ಕಿ ಬೆಲ್ಲದ ಮಲಿದಾ ಅರ್ಪಿಸುವ ಕೊಂಕಣದ ಸಂಪ್ರದಾಯ ಹಿಂದೆ ಸರಿಯುವ ಅಪಾಯವಿದೆ. ಚಬಾದ್ ಬಗ್ಗೆ ನನಗಿರುವ ಗೌರವದ ನಡುವೆಯೂ ಈ ಅಳುಕು ನನ್ನಲ್ಲಿದೆ, ಏಕೆಂದರೆ ಒಂದು ಸಂಪ್ರದಾಯದ ಅಚ್ಚುಕಟ್ಟಾದ ರೂಪ ಬಂದು ಊರಿನ ರೂಪವನ್ನು ನುಂಗುವುದನ್ನು ನಾವು ನಮ್ಮ ದೇವಸ್ಥಾನಗಳಲ್ಲಿಯೂ ನೋಡುತ್ತಿದ್ದೇವೆ. ಆದರೆ ಈಗ ಭಾರತದಲ್ಲಿ ಉಳಿದಿರುವ ಯಹೂದಿಗಳು ಕೆಲವೇ ಸಾವಿರ. ವಿಧಿ ಬಲ್ಲ ರಬ್ಬಿಗಳೇ ಇಲ್ಲದ ಊರಿನಲ್ಲಿ ಮದುವೆಗೆ ನಿಲ್ಲುವವರು, ಕೋಳಿ ಕೊಯ್ದು ಕೊಡುವವರು, ಪಾಠ ಹೇಳುವವರು ಒಬ್ಬರು ಬಂದು ನೆಲೆಸಿದ್ದು ಅವರಿಗೆ ದೊಡ್ಡ ಆಸರೆಯಾಗಿತ್ತು ಎಂಬುದನ್ನೂ ಮನಸಾರೆ ಒಪ್ಪುತ್ತೇನೆ.

ಇಷ್ಟೆಲ್ಲ ಮಾಡುತ್ತಿದ್ದ ಆ ದಂಪತಿ ಯಾವ ನೋವನ್ನು ಒಡಲಲ್ಲಿಟ್ಟುಕೊಂಡಿದ್ದರು ಎಂಬುದು ಬಂದವರಲ್ಲಿ ಎಷ್ಟು ಜನಕ್ಕೆ ತಿಳಿದಿತ್ತೋ. ಅವರ ಮೊದಲ ಮಗ ಟೇ-ಸ್ಯಾಕ್ಸ್ ಎಂಬ ಆನುವಂಶಿಕ ಕಾಯಿಲೆಯಿಂದ ಎಳೆವಯಸ್ಸಿನಲ್ಲೇ ತೀರಿಕೊಂಡಿದ್ದ. ಮೆದುಳಿನ ನರಕೋಶಗಳು ಒಂದೊಂದಾಗಿ ಕೆಡುತ್ತ ಹೋಗುವ, ಮದ್ದಿಲ್ಲದ ಕಾಯಿಲೆ ಅದು. ಎರಡನೆಯ ಮಗನಿಗೂ ಅದೇ ಕಾಯಿಲೆ. ಅವನು ಇಸ್ರೇಲಿನ ಆಸ್ಪತ್ರೆಯಲ್ಲಿ ಅಜ್ಜ ಅಜ್ಜಿಯ ಆರೈಕೆಯಲ್ಲಿದ್ದ, ತಂದೆತಾಯಿ ಸತ್ತ ಮರುತಿಂಗಳೇ ಅವನೂ ಹೋದ. ಮೂರನೆಯವನಾದ ಮೋಶೆ ಮಾತ್ರ ಆರೋಗ್ಯವಾಗಿ ಹುಟ್ಟಿ ಕೊಲಾಬಾದ ಆ ಮನೆಯಲ್ಲಿ ಬೆಳೆಯುತ್ತಿದ್ದ. ದಾಳಿಯಾದಾಗ ರಿವ್ಕಾ ಮತ್ತೆ ಗರ್ಭಿಣಿ. ಅಂಥ ತಾಯಿ ಅಪರಿಚಿತರ ಮಕ್ಕಳಿಗೆ ಬ್ರೆಡ್ಡು ಸುಟ್ಟು, ಸೂಪು ಮಾಡಿ ಬಡಿಸುತ್ತಿದ್ದರೆಂಬುದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ.

ನವೆಂಬರ್ 26ರ ಬುಧವಾರ ರಾತ್ರಿ ಇಬ್ಬರು ಭಯೋತ್ಪಾದಕರು ಒಳನುಗ್ಗಿದಾಗ ಆ ಬಾಗಿಲಲ್ಲಿ ಅವರನ್ನು ತಡೆಯುವ ಕಾವಲಿರಲಿಲ್ಲ. ಆ ಮನೆಯ ಸ್ವಭಾವವೇ ಅದು: ಯಾರು, ಎಲ್ಲಿಂದ, ಯಾಕೆ ಎಂದು ಕೇಳದೆ ಒಳಗೆ ಕರೆಯುವುದು. ಮನೆಯೊಡೆಯರಿಬ್ಬರೂ ಸೇರಿ ಒಳಗಿದ್ದವರಲ್ಲಿ ಆರು ಜನ ಸತ್ತರು. ಕಾರ್ಯಾಚರಣೆ ಮುಗಿದದ್ದು ಶುಕ್ರವಾರ ಸಂಜೆ, ಬೇರೆ ಯಾವ ವಾರವಾದರೂ ಆ ಮನೆಯಲ್ಲಿ ಸಬ್ಬತ್ ಎಂಬ ವಾರದ ವಿಶ್ರಾಂತಿದಿನದ ದೀಪ ಹಚ್ಚಿ ಊಟಕ್ಕೆ ಕೂರುವ ಹೊತ್ತು. ಎನ್‌ಎಸ್‌ಜಿಯ ಹವಾಲ್ದಾರ್ ಗಜೇಂದರ್ ಸಿಂಗ್ ಬಿಷ್ಟ್ ಅಲ್ಲಿ ಪ್ರಾಣಕೊಟ್ಟರು. ತಾಜ್ ಹೋಟೆಲಿನಲ್ಲಿ ಮಡಿದ ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರನ್ನು ನೆನೆಯುವಾಗ ಬಿಷ್ಟ್ ಅವರನ್ನೂ ನೆನೆಯೋಣ ಎಂದು ಕೇಳಿಕೊಳ್ಳುತ್ತೇನೆ.

ದಾಳಿಕೋರರಿಗಾಗಿ ಬೇಹುಗಾರಿಕೆ ಮಾಡಿದ ಅಮೆರಿಕದ ಪ್ರಜೆ ಡೇವಿಡ್ ಹೆಡ್ಲಿ ದಾಳಿಗೆ ಮುನ್ನ ಮುಂಬೈಯ ಗುರಿಗಳನ್ನು ಗುರುತು ಮಾಡಿಕೊಟ್ಟಿದ್ದಲ್ಲದೆ, 2009ರಲ್ಲಿ ಮತ್ತೆ ಬಂದು ಭಾರತದ ಬೇರೆ ಊರುಗಳ ಚಬಾದ್ ಮನೆಗಳನ್ನೂ ನೋಡಿಕೊಂಡು ಹೋಗಿದ್ದನೆಂಬುದು ಅಮೆರಿಕದ ನ್ಯಾಯಾಲಯದ ದಾಖಲೆಗೆ ಬಂದಿದೆ. ತೆರೆದ ಬಾಗಿಲು ಅವನಿಗೂ ತೆರೆದಿತ್ತು. ನಾರಿಮನ್ ಹೌಸ್ 2014ರಲ್ಲಿ ಮತ್ತೆ ತೆರೆದ ಮೇಲೆ ನಾನು ಅಲ್ಲಿಗೆ ಹೋದೆ. ಗಲ್ಲಿಯ ತಿರುವಿನಲ್ಲಿ ಪೊಲೀಸರು, ಬಾಗಿಲಲ್ಲಿ ತಪಾಸಣೆ. ಹೆಸರು ಬರೆಸಿ, ಗುರುತಿನ ಚೀಟಿ ತೋರಿಸಿ ಒಳಗೆ ಹೋಗಬೇಕು. ಮೇಲಿನ ಅಂತಸ್ತಿನ ಗೋಡೆಗಳಲ್ಲಿ ಗುಂಡಿನ ತೂತುಗಳನ್ನು ಮುಚ್ಚದೆ ಹಾಗೇ ಉಳಿಸಿದ್ದಾರೆ. ಒಂದು ತೂತು ನನ್ನ ಎದೆಯ ಎತ್ತರಕ್ಕಿತ್ತು. ಅದರ ಸುತ್ತ ಗಾರೆ ಉದುರಿ ಒಳಗಿನ ಇಟ್ಟಿಗೆಯ ಕೆಂಪು ಕಾಣುತ್ತಿತ್ತು. ಆ ಕಾವಲು ಬೇಕೇಬೇಕು, ಬೇಡವೆನ್ನುವ ಹಕ್ಕು ನನಗಿಲ್ಲ. ಆದರೆ ಹಸಿದು ಬಂದ ಹುಡುಗನೊಬ್ಬ ಮೊದಲು ಚೀಟಿ ತೋರಿಸಿ ಆಮೇಲೆ ಊಟಕ್ಕೆ ಕೂರಬೇಕಾಗಿ ಬಂದಿದೆಯಲ್ಲ, ಮುಂಬೈ ಮೇಲೆ ದಾಳಿ ಮಾಡಿದ ಆ ಹತ್ತು ಜನ ಕೊಂದದ್ದರಲ್ಲಿ ಇದೂ ಒಂದು ಎಂದು ಅಲ್ಲಿ ನಿಂತಾಗ ಅನ್ನಿಸಿತು.

ಹೀಗೆ ಹೊರದೇಶದಲ್ಲಿ ನೆಲೆಸುವುದು ಇಂದಿಗೂ ಅಪಾಯದ ಬದುಕೇ. 2024ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸೇವೆಯಲ್ಲಿದ್ದ ತರುಣ ರಬ್ಬಿ ಜ್ವಿ ಕೋಗನ್ ಅವರನ್ನು ಅಪಹರಿಸಿ ಕೊಂದರು. ದುಬೈಯಲ್ಲಿ ಯಹೂದಿ ನಿಯಮದ ಆಹಾರ ಮಾರುವ ಅಂಗಡಿ ನಡೆಸುತ್ತಿದ್ದವರು ಅವರು. ಅವರ ಪತ್ನಿ ಗವ್ರಿಯೆಲ್ ಅವರ ಸೋದರ ಸಂಬಂಧದ ಮಗಳು. ಒಂದೇ ಮನೆತನಕ್ಕೆ ಹದಿನಾರು ವರ್ಷಗಳ ಅಂತರದಲ್ಲಿ ಎರಡು ಸಲ ಇಂಥ ಸುದ್ದಿ ಬಂತು. ಆದರೂ ಪ್ರತಿ ವರ್ಷ ಹೊಸ ದಂಪತಿಗಳು ಹೊಸ ಊರುಗಳಿಗೆ ಹೊರಡುತ್ತಲೇ ಇದ್ದಾರೆ.

ದಾಳಿಯ ಆ ರಾತ್ರಿ ನಾರಿಮನ್ ಹೌಸಿನ ಕೆಳಗಿನ ಕೋಣೆಯಲ್ಲಿ ಅಡಗಿ ಬದುಕುಳಿದಿದ್ದ, ಮೋಶೆಯ ಆಯಾ ಸಾಂಡ್ರಾ ಸಾಮ್ಯುಯೆಲ್, ಮರುದಿನ ಬೆಳಿಗ್ಗೆ ಮಗು ತನ್ನ ಹೆಸರು ಕೂಗಿ ಅಳುವುದು ಕೇಳಿ ಮಹಡಿ ಹತ್ತಿ ಹೋಗಿ, ಬಿದ್ದಿದ್ದ ತಂದೆತಾಯಿಯ ನಡುವೆ ನಿಂತಿದ್ದ ಮೋಶೆಯನ್ನು ಎತ್ತಿಕೊಂಡು, ಆ ಮನೆಯ ಕೆಲಸದವರೇ ಆದ ಝಾಕಿರ್ ಹುಸೇನ್ ಜೊತೆ ಹೊರಗೋಡಿ ಬಂದರು. ಕ್ರೈಸ್ತ ಆಯಾ, ಮುಸ್ಲಿಮ್ ಸಹಾಯಕ, ಯಹೂದಿ ಮಗು. ಮಗು ಅವರನ್ನು ಬಿಟ್ಟಿರಲಾರದೆಂದು ಸಾಂಡ್ರಾ ಇಸ್ರೇಲಿಗೇ ಹೋದರು. 2010ರಲ್ಲಿ ಆ ದೇಶ ಅವರಿಗೆ ಗೌರವ ಪೌರತ್ವ ಕೊಟ್ಟಿತು. ಅವರು ಈಗಲೂ ಅಲ್ಲಿಯೇ ಇದ್ದು, ಅಂಗವಿಕಲ ಮಕ್ಕಳ ಆರೈಕೆಯ ಕೆಲಸ ಮಾಡಿಕೊಂಡು ಬಂದಿದ್ದಾರೆ.

2017ರ ಜುಲೈಯಲ್ಲಿ ಪ್ರಧಾನಿ ಮೋದಿಯವರು ಜೆರುಸಲೇಮಿನಲ್ಲಿ ಮೋಶೆಯನ್ನು ಕಂಡರು. ಅವನಿಗಾಗ ಹತ್ತು ವರ್ಷ. ಮುಂಬೈಗೆ ಬರಬೇಕೆಂಬ ಆಸೆಯಿದೆ, ದೊಡ್ಡವನಾದ ಮೇಲೆ ಅಲ್ಲಿಯೇ ಇರುತ್ತೇನೆ, ನಮ್ಮ ಚಬಾದ್ ಮನೆಯನ್ನು ನಾನೇ ನಡೆಸುತ್ತೇನೆ ಎಂದು ಅವನು ಎಲ್ಲರೆದುರು ಹೇಳಿದ. ಮರುವರ್ಷ ಜನವರಿಯಲ್ಲಿ ಕೊಲಾಬಾಕ್ಕೆ ಬಂದು, ತಾನು ಪುಟ್ಟ ಮಗುವಾಗಿದ್ದಾಗ ಆಡಿದ ಕೋಣೆಯನ್ನು ನೋಡಿ ಹೋದ. ಅಲ್ಲಿ ಈಗ ಬೇರೊಬ್ಬ ರಬ್ಬಿ ದಂಪತಿ ನೆಲೆಸಿ, ಶುಕ್ರವಾರ ಸಂಜೆ ಬಂದವರಿಗೆ ಊಟ ಬಡಿಸುತ್ತಿದ್ದಾರೆ.